ಕಾರಿನ ಹಿಂದೆ ಓಡುವ ಇಂಡಿಕೇಟರ್: ಮನೆಯಲ್ಲೇ ಹಾಕಿಕೊಳ್ಳುವ ಕ್ರಮ

ಕಾರಿನ ಹಿಂದಿನ ಲೈಟ್ ಬದಲಾಯಿಸಿದವರು ಮತ್ತೆ ಮತ್ತೆ ಕೇಳುವುದು ಎರಡೇ ಪ್ರಶ್ನೆ. "ಹೊಸ ಲೈಟ್ ಹಾಕಿದ ಮೇಲೆ ಇಂಡಿಕೇಟರ್ ಪಟಪಟ ಅಂತ ಜೋರಾಗಿ ಹೊಡ್ಕೊಳ್ತಿದೆ, ಯಾಕೆ?" ಇನ್ನೊಂದು, "ಬೆಳಕು ಅರ್ಧ ದೂರ ಓಡಿ ಆರಿಹೋಗುತ್ತೆ, ಲೈಟೇ ಕೆಟ್ಟಿದೆಯಾ?" ಎರಡಕ್ಕೂ ಕಾರಣ ಹೆಚ್ಚಾಗಿ ಒಂದೇ. ಲೈಟ್ ಚೆನ್ನಾಗಿಯೇ ಇರುತ್ತದೆ, ಆದರೆ ಅದು ಎಳೆಯುವ ಕರೆಂಟ್ ಕಡಿಮೆಯಾದ್ದರಿಂದ ಬಲ್ಬ್ ಹೋಗಿದೆ ಅಂತ ಕಾರು ತಿಳಿದುಕೊಳ್ಳುತ್ತದೆ. ಇದನ್ನು ಮೊದಲೇ ತಿಳಿದು ಕೆಲಸಕ್ಕೆ ಇಳಿದರೆ ಒಂದು ಭಾನುವಾರ ಬೆಳಿಗ್ಗೆ ಮುಗಿಯುವ ಕೆಲಸ ಇದು.

ಸೀಕ್ವೆನ್ಶಿಯಲ್ ಇಂಡಿಕೇಟರ್ ಅಂದರೆ ಇಡೀ ದೀಪ ಒಮ್ಮೆಗೇ ಹತ್ತುವ ಬದಲು, ಕಾರಿನ ಒಳಬದಿಯಿಂದ ಹೊರಬದಿಗೆ ಸಾಲಾಗಿ ಹತ್ತುತ್ತಾ ಹೋಗುವ ಇಂಡಿಕೇಟರ್. ಇದು ಹೊಸ ವಿಷಯವೇನಲ್ಲ. 1965ರ ಫೋರ್ಡ್ ಥಂಡರ್‌ಬರ್ಡ್‌ನಲ್ಲೇ ಇತ್ತು. ಆಗ ಒಂದು ಪುಟ್ಟ ಮೋಟಾರು ತಿರುಗುತ್ತಾ ಬಲ್ಬ್‌ಗಳನ್ನು ಒಂದಾದ ಮೇಲೊಂದು ಹತ್ತಿಸುತ್ತಿತ್ತು. ಈಗ ಎಲ್‌ಇಡಿ ಲೈಟಿನೊಳಗಿನ ಚಿಕ್ಕ ಚಿಪ್ ಆ ಕೆಲಸ ಮಾಡುತ್ತದೆ.

ಈ ಲೇಖನ ಹಿಂದೆ ಸಾಧಾರಣ ಬಲ್ಬ್ ಇರುವ ಹ್ಯಾಚ್‌ಬ್ಯಾಕ್ ಮತ್ತು ಸೆಡಾನ್‌ಗಳಿಗೆ. ಕಂಪನಿಯಿಂದಲೇ ಎಲ್‌ಇಡಿ ಹಿಂಬದಿ ದೀಪ ಬಂದಿದ್ದರೆ ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ಅವುಗಳಲ್ಲಿ ಕೆಲವು ಕಾರಿನ ಕಂಪ್ಯೂಟರ್ ಜೊತೆ ನೇರವಾಗಿ ಮಾತಾಡುತ್ತವೆ. ಅಲ್ಲಿ ವೈರ್ ಸೇರಿಸುವುದು ಮನೆಯ ಕೆಲಸ ಅಲ್ಲ.

ಮೊದಲು ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇಂಡಿಕೇಟರ್ ಹಳದಿ-ಕಿತ್ತಳೆ, ಅಂದರೆ ಆಂಬರ್ ಬಣ್ಣದ್ದೇ ಆಗಿರಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆ ಇಲ್ಲದಂತೆ, 120 ಮೀರದಂತೆ ಮಿನುಗಬೇಕು ಅನ್ನುತ್ತವೆ. ಹಾಗಾಗಿ ಕೆಂಪು ಬಣ್ಣದಲ್ಲಿ ಓಡುವ ಇಂಡಿಕೇಟರ್ ಬೇಡ. ಅಮೆರಿಕದಲ್ಲಿ ಅದಕ್ಕೆ ಅವಕಾಶ ಇದೆ, ಅಲ್ಲಿಗೆಂದು ಮಾಡಿದ ಲೈಟ್ ಇಲ್ಲಿಯೂ ಮಾರಾಟಕ್ಕೆ ಸಿಗುತ್ತದೆ. ಬ್ರೇಕ್ ಒತ್ತಿದಾಗ ಪಟಪಟ ಮಿನುಗುವ ಲೈಟೂ ಬೇಡ. ಬಣ್ಣ ಬದಲಿಸುವ ಲೈಟ್, ಕಪ್ಪು ಫಿಲ್ಮ್ ಅಂಟಿಸಿದ ಲೈಟ್ ಅಂತೂ ಮುಟ್ಟಲೇಬೇಡಿ. ನಿಮ್ಮ ಕಾರಿಗೆ ಕಂಪನಿಯದೇ ಅಕ್ಸೆಸರಿ ಲೈಟ್ ಸಿಗುತ್ತದಾ ಅಂತ ಶೋರೂಮಿನಲ್ಲಿ ಮೊದಲು ಕೇಳಿ. ವಾರಂಟಿ ಮುಗಿಯದ ಕಾರಾಗಿದ್ದರೆ, ವೈರ್ ಕತ್ತರಿಸಿದ ಮೇಲೆ ಎಲೆಕ್ಟ್ರಿಕಲ್ ತೊಂದರೆಗೆ ವಾರಂಟಿ ಕೇಳುವುದು ಕಷ್ಟ. ಅದಕ್ಕೇ ಕೆಳಗಿನ ಕ್ರಮದಲ್ಲಿ ಕಾರಿನ ಮೂಲ ವೈರನ್ನು ಎಲ್ಲೂ ಕತ್ತರಿಸುವುದಿಲ್ಲ.

ಕೊಳ್ಳುವಾಗ ನೋಡಬೇಕಾದ್ದು

ಕಾರಿನ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೋದರೆ ಕೈಯಲ್ಲಿ ಹಿಡಿದು, ಬ್ಯಾಟರಿಗೆ ಕೊಟ್ಟು ನೋಡಿ ಕೊಳ್ಳಬಹುದು. ಆನ್‌ಲೈನ್‌ನಲ್ಲಿ ತರಿಸಿದರೆ ಆ ಪರೀಕ್ಷೆಯನ್ನು ನೀವೇ ಮನೆಯಲ್ಲಿ ಮಾಡಬೇಕು. ಎರಡೂ ಕಡೆ ಮುಖ್ಯವಾಗಿ ನೋಡಬೇಕಾದ್ದು ಬೆಳಕು ಎಷ್ಟು ಬೇಗ ಓಡುತ್ತದೆ ಅನ್ನುವುದನ್ನು.

ಲೆಕ್ಕ ಸುಲಭ. ಇಂಡಿಕೇಟರ್ ನಿಮಿಷಕ್ಕೆ 90 ಸಲ ಮಿನುಗುತ್ತದೆ ಅಂದುಕೊಳ್ಳಿ. ಒಂದು ಸಲಕ್ಕೆ ಸುಮಾರು 0.67 ಸೆಕೆಂಡ್. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹೊತ್ತು ಮಾತ್ರ ಲೈಟಿಗೆ ಕರೆಂಟ್ ಬರುತ್ತದೆ. ಅಂದರೆ ಓಟ ಮುಗಿಸಲು ಸಿಗುವುದು ಮೂರನೇ ಒಂದು ಸೆಕೆಂಡ್. ಲೈಟಿನ ಚಿಪ್ ಕೊನೆ ಮುಟ್ಟಲು ಅರ್ಧ ಸೆಕೆಂಡ್ ತೆಗೆದುಕೊಂಡರೆ ಹೊರತುದಿ ಎಂದೂ ಹತ್ತುವುದೇ ಇಲ್ಲ. ಹಿಂದಿನವರಿಗೆ ಎದ್ದು ಕಾಣಬೇಕಾದ ಭಾಗವೇ ಕತ್ತಲೆ! ಯುರೋಪಿನ ನಿಯಮ ಇದಕ್ಕೆ ಒಳ್ಳೆಯ ಅಳತೆಗೋಲು. ಹತ್ತಲು ಶುರುವಾಗಿ 0.2 ಸೆಕೆಂಡಿನೊಳಗೆ ಪೂರ್ತಿ ಸಾಲು ಹತ್ತಿರಬೇಕು, ಹತ್ತಿದ ದೀಪ ಆ ಮಿನುಗು ಮುಗಿಯುವ ತನಕ ಆರಬಾರದು. ಒಂದೇ ಚುಕ್ಕೆ ಓಡಿಹೋಗಿ ಹಿಂದೆ ಕತ್ತಲೆ ಬಿಡುವ ಲೈಟ್ ಚೆಂದ ಕಂಡರೂ ಕೊಳ್ಳಬೇಡಿ.

ಇನ್ನು ಮೂರು ವಿಷಯ ಬೇಗ ಹೇಳಿಬಿಡುತ್ತೇನೆ. ಗಾಜಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ 'E' ಅಕ್ಷರ ಮತ್ತು ಒಂದು ಸಂಖ್ಯೆ ಅಚ್ಚಾಗಿದೆಯಾ ನೋಡಿ. ಅದು ಯುರೋಪಿನ ಪರೀಕ್ಷೆ ಪಾಸಾದ ಗುರುತು. ಹಳೇ ಲೈಟಿನೊಳಗೆ ಕೆಂಪು ರಿಫ್ಲೆಕ್ಟರ್ ಇದ್ದರೆ ಹೊಸದರಲ್ಲೂ ಇರಬೇಕು. ರಾತ್ರಿ ಕಾರು ಕೆಟ್ಟು ಲೈಟ್ ಆರಿಹೋದಾಗ ಕಾಯುವುದು ಅದೊಂದೇ. ಮತ್ತು ಕಪ್ಲರ್, ಅಂದರೆ ವೈರುಗಳ ತುದಿಯ ಪ್ಲಾಸ್ಟಿಕ್ ಪ್ಲಗ್, ನಿಮ್ಮ ಕಾರಿನ ಮಾಡೆಲ್‌ಗೆ ಮಾತ್ರವಲ್ಲ, ನಿಮ್ಮ ವೇರಿಯಂಟ್‌ಗೂ ಹೊಂದಬೇಕು.

ಬೇಕಾಗುವ ಸಾಮಾನು

ಸ್ಕ್ರೂಡ್ರೈವರ್, 10 ಎಂಎಂ ಸಾಕೆಟ್ ಪಾನಾ, ಪ್ಲಾಸ್ಟಿಕ್ ಮೀಟುಗೋಲು, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ವೈರನ್ನು ಬಿಗಿಯಾಗಿ ಹಿಡಿಯುವ ಕೊಳವೆ), ಬಟ್ಟೆಯ ವೈರಿಂಗ್ ಟೇಪ್, ಜಿಪ್ ಟೈ. ಎರಡು ಲೋಡ್ ರೆಸಿಸ್ಟರ್ (ಬಲ್ಬಿನಷ್ಟು ಕರೆಂಟ್ ಎಳೆಯುವ ಭಾಗ, 6ನೇ ಹಂತಕ್ಕೆ), 6 ಓಮ್ 50 ವ್ಯಾಟ್. ಪೇಂಟ್ ಗೀಚದಂತೆ ಮಾಸ್ಕಿಂಗ್ ಟೇಪ್ ಮತ್ತು ಒಂದು ಹಳೇ ಬೆಡ್‌ಶೀಟ್. ಬ್ರೇಕ್ ಒತ್ತಲು ಮನೆಯವರೊಬ್ಬರು ಜೊತೆಗಿರಲಿ.

ಮಲ್ಟಿಮೀಟರ್ ಇಲ್ಲದೆ ಮಾತ್ರ ಶುರು ಮಾಡಬೇಡಿ. ವೈರಿನ ಬಣ್ಣ ನೋಡಿ ಅಂದಾಜಿನ ಮೇಲೆ ಸೇರಿಸುವುದರಿಂದಲೇ ಹೆಚ್ಚು ಫ್ಯೂಸ್ ಸುಡುವುದು.

1. ಮೇಜಿನ ಮೇಲೆ ಪರೀಕ್ಷೆ

ಕಾರಿಗೆ ಕೈ ಹಾಕುವ ಮೊದಲು ಹೊಸ ಲೈಟ್ ಎರಡನ್ನೂ ಹತ್ತಿಸಿ ನೋಡಿ. ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ ಸಾಕು. ಪ್ಲಸ್ ವೈರಿನಲ್ಲಿ 5 ಆಂಪಿಯರ್ ಫ್ಯೂಸ್ ಇರಲಿ. ಮೈನಸ್ಸನ್ನು ಲೈಟಿನ ಅರ್ಥ್ ವೈರಿಗೆ ಕೊಟ್ಟು, ಉಳಿದ ವೈರುಗಳಿಗೆ ಒಂದೊಂದಾಗಿ ಪ್ಲಸ್ ತಾಗಿಸಿ. ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್, ರಿವರ್ಸ್ ಯಾವುದು ಯಾವ ವೈರ್ ಅಂತ ಟೇಪ್ ಅಂಟಿಸಿ ಬರೆದುಕೊಳ್ಳಿ. ಎಡ ಬಲ ಎರಡೂ ಒಂದೇ ವೇಗದಲ್ಲಿ ಓಡುತ್ತಿವೆಯಾ? ಎರಡಕ್ಕೂ ಒಟ್ಟಿಗೆ ಕರೆಂಟ್ ಕೊಟ್ಟು ನೋಡಿ. ಎಷ್ಟೋ ಜೋಡಿಗಳು ಇಲ್ಲೇ ಸಿಕ್ಕಿಬೀಳುತ್ತವೆ. ಈ ಹಂತದಲ್ಲಿ ವಾಪಸ್ ಕೊಡುವುದು ಸುಲಭ, ಸ್ಕ್ರೂ ಹಾಕಿದ ಮೇಲೆ ಕಷ್ಟ.

2. ಹಳೇ ಲೈಟ್ ಬಿಚ್ಚುವುದು

ಕಾರು ಆಫ್ ಮಾಡಿ, ಕೀ ತೆಗೆದು, ಬ್ಯಾಟರಿಯ ಮೈನಸ್ ಬಿಚ್ಚಿ. ಗಡಿಯಾರ ಮತ್ತು ಕಿಟಕಿಯ ಆಟೋ ಸೆಟ್ಟಿಂಗ್ ಮತ್ತೆ ಮಾಡಬೇಕಾಗಬಹುದು. ರೇಡಿಯೋಗೆ ಕೋಡ್ ಇದ್ದರೆ ಮೊದಲೇ ಹುಡುಕಿಟ್ಟುಕೊಳ್ಳಿ.

ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಡಿಕ್ಕಿ ಬಾಗಿಲು ತೆರೆದರೆ ಲೈಟಿನ ಒಳಬದಿಯಲ್ಲಿ ಸ್ಕ್ರೂಗಳು ಕಾಣುತ್ತವೆ. ಹೊರಬದಿಯಲ್ಲಿ ಸ್ಕ್ರೂ ಇರುವುದಿಲ್ಲ, ಪ್ಲಾಸ್ಟಿಕ್ ಗೂಟಗಳು ಬಾಡಿಯ ರಂಧ್ರದಲ್ಲಿ ಸಿಕ್ಕಿಕೊಂಡಿರುತ್ತವೆ. ಸ್ಕ್ರೂ ಬಿಚ್ಚಿದ ಮೇಲೆ ಲೈಟನ್ನು ನೇರವಾಗಿ ನಿಮ್ಮ ಕಡೆಗೆ, ಅಂದರೆ ಕಾರಿನ ಹಿಂದಕ್ಕೆ ಎಳೆಯಿರಿ. ಪಕ್ಕಕ್ಕೆ ತಿರುಚಬೇಡಿ, ಗೂಟ ಮುರಿಯುವುದು ಹಾಗೆಯೇ. ಸ್ಕ್ರೂ ಬಿಚ್ಚುವಾಗ ಬಂಪರ್ ಸಂದಿಗೆ ಬೆಡ್‌ಶೀಟ್ ತುರುಕಿ. ಅಲ್ಲಿ ಬಿದ್ದ ಸ್ಕ್ರೂ ಹುಡುಕಲು ಬಂಪರನ್ನೇ ಬಿಚ್ಚಬೇಕಾಗುತ್ತದೆ.

ಸೆಡಾನ್‌ಗಳಲ್ಲಿ ಸಾಮಾನ್ಯವಾಗಿ ಡಿಕ್ಕಿಯ ಒಳಗಿನ ಕಾರ್ಪೆಟ್ ಸರಿಸಿದರೆ ನಟ್‌ಗಳು ಸಿಗುತ್ತವೆ. ಒಂದು ಎಚ್ಚರಿಕೆ: ಒಳಗಿನ ಪ್ಯಾನೆಲ್ ತೆಗೆಯುವಾಗ ಹಳದಿ ಹೊದಿಕೆಯ ಅಥವಾ ಹಳದಿ ಕಪ್ಲರ್‌ನ ವೈರ್ ಕಂಡರೆ ಅದು ಏರ್‌ಬ್ಯಾಗ್‌ನದು. ಅದನ್ನು ಬಿಚ್ಚಬೇಡಿ, ಮೀಟರ್ ಹಚ್ಚಬೇಡಿ.

3. ಕಾರಿನ ವೈರುಗಳನ್ನು ಗುರುತಿಸುವುದು

ಕಪ್ಲರ್ ನೇರವಾಗಿ ಕೂರುತ್ತಿದ್ದರೂ ಈ ಹಂತ ಬಿಡಬೇಡಿ. ಬ್ಯಾಟರಿ ಮತ್ತೆ ಜೋಡಿಸಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಕಪ್ಪು ಕಡ್ಡಿಯನ್ನು ಪೇಂಟ್ ಇಲ್ಲದ ಬಾಡಿ ಬೋಲ್ಟ್‌ಗೆ ಹಿಡಿಯಿರಿ. ಕೆಂಪು ಕಡ್ಡಿಯಿಂದ ಒಂದೊಂದೇ ಪಿನ್ ಮುಟ್ಟಿ.

ಪಾರ್ಕಿಂಗ್ ಲೈಟ್ ಹಾಕಿದಾಗ ಸುಮಾರು 12 ವೋಲ್ಟ್ ಬರುವುದು ಪಾರ್ಕಿಂಗ್ ವೈರ್. ಬ್ರೇಕ್ ಒತ್ತಿದಾಗ ಮಾತ್ರ ಬರುವುದು ಬ್ರೇಕಿನದು. ಬಂದು ಹೋಗಿ ಮಾಡುವುದು ಇಂಡಿಕೇಟರ್. ರಿವರ್ಸ್ ನೋಡಲು ಇಂಜಿನ್ ಸ್ಟಾರ್ಟ್ ಮಾಡಬೇಡಿ. ಹ್ಯಾಂಡ್ ಬ್ರೇಕ್ ಎಳೆದು, ಕೀಯನ್ನು ಆನ್‌ಗೆ ಮಾತ್ರ ತಿರುಗಿಸಿ, ಗೇರನ್ನು ರಿವರ್ಸ್‌ಗೆ ಹಾಕಿ.

ಕೆಲವು ಕಾರುಗಳಲ್ಲಿ ಪಾರ್ಕಿಂಗ್ ವೈರಿನಲ್ಲಿ 12ರ ಬದಲು 3 ಅಥವಾ 4 ವೋಲ್ಟ್ ಕಾಣಬಹುದು. ಮೀಟರ್ ಕೆಟ್ಟಿಲ್ಲ. ಅಲ್ಲಿ ಬಿಸಿಎಂ ಕರೆಂಟನ್ನು ಬಹಳ ಬೇಗ ಬೇಗ ಆನ್ ಆಫ್ ಮಾಡಿ ಬೆಳಕು ಕಡಿಮೆ ಮಾಡುತ್ತಿದೆ ಅಂತ ಅರ್ಥ. ಬಿಸಿಎಂ ಅಂದರೆ ಲೈಟು, ಕಿಟಕಿ, ಲಾಕುಗಳನ್ನು ನೋಡಿಕೊಳ್ಳುವ ಕಾರಿನ ಪುಟ್ಟ ಕಂಪ್ಯೂಟರ್. ಇಂಥ ಕಾರಿಗೆ ಅದೇ ಮಾಡೆಲ್‌ಗೆಂದು ಮಾಡಿದ ಲೈಟ್ ಮಾತ್ರ ಹಾಕಿ. ಬೇರೆಯದು ಹಾಕಿದರೆ ಮಿಣಮಿಣ ಅನ್ನುತ್ತಲೇ ಇರುತ್ತದೆ.

4. ಅರ್ಥ್ ಸರಿ ಇದೆಯಾ?

ಅರ್ಥ್ ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಕಾರಿನಲ್ಲಿ ಈ ದಾರಿ ಬಾಡಿಯ ಲೋಹದ ಮೂಲಕ ಹೋಗುತ್ತದೆ. ಹತ್ತು ಮಳೆಗಾಲ ಕಂಡ ಕಾರಿನಲ್ಲಿ ಅರ್ಥ್ ಬೋಲ್ಟ್ ತುಕ್ಕು ಹಿಡಿದಿರುವುದು ಸಾಮಾನ್ಯ, ಕರಾವಳಿಯ ಕಾರಾದರೆ ಇನ್ನೂ ಜಾಸ್ತಿ.

ಅರ್ಥ್ ಕೆಟ್ಟರೆ ವಿಚಿತ್ರಗಳು ಶುರುವಾಗುತ್ತವೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಹತ್ತುತ್ತದೆ. ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟ್ ಕೂಡ ಮಿನುಗುತ್ತದೆ. ವಾಪಸ್ ಹೋಗುವ ದಾರಿ ಮುಚ್ಚಿದ್ದರಿಂದ ಕರೆಂಟ್ ಪಕ್ಕದ ದೀಪದ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಹಳೇ ಬಲ್ಬಿನಲ್ಲಿ ಇದು ಕಣ್ಣಿಗೆ ಬೀಳದೆ ಇರಬಹುದು. ಎಲ್‌ಇಡಿ ತೀರಾ ಕಡಿಮೆ ಕರೆಂಟಿಗೂ ಹತ್ತುವುದರಿಂದ ಎಲ್ಲ ಬಯಲಾಗುತ್ತದೆ, ಪಾಪ ಹೊಸ ಲೈಟಿನ ಮೇಲೆ ಅಪವಾದ ಬರುತ್ತದೆ.

ಪರೀಕ್ಷೆ ಹೀಗೆ. ಹಳೇ ಲೈಟನ್ನು ಕಪ್ಲರ್‌ಗೆ ಸಿಕ್ಕಿಸಿ, ಪಾರ್ಕಿಂಗ್ ಮತ್ತು ಬ್ರೇಕ್ ಎರಡನ್ನೂ ಹತ್ತಿಸಿ. ಮೀಟರಿನ ಒಂದು ಕಡ್ಡಿ ಅರ್ಥ್ ಪಿನ್ನಿಗೆ, ಇನ್ನೊಂದು ಬಾಡಿಯ ಬೋಲ್ಟ್‌ಗೆ. 0.2 ವೋಲ್ಟ್‌ಗಿಂತ ಕಡಿಮೆ ಇದ್ದರೆ ಒಳ್ಳೆಯದು. ಜಾಸ್ತಿ ಇದ್ದರೆ ಅರ್ಥ್ ಬೋಲ್ಟ್ ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ. ಇದಾಗುವ ತನಕ ಮುಂದೆ ಹೋಗಬೇಡಿ.

5. ಕತ್ತರಿಸದೆ ಜೋಡಿಸುವುದು

ಕಪ್ಲರ್ ಹೊಂದಿದರೆ ಸಿಕ್ಕಿಸಿದರಾಯಿತು. ಹೊಂದದಿದ್ದರೆ ಎರಡು ದಾರಿ ಇವೆ. ನಿಮ್ಮ ಕಾರಿನ ಕಪ್ಲರ್‌ಗೆ ಜೋಡಿಯಾಗುವ ಎದುರು ಕಪ್ಲರ್ ಅಂಗಡಿಯಲ್ಲಿ ಸಿಕ್ಕರೆ ಅದನ್ನು ತಂದು ಲೈಟಿನ ವೈರುಗಳಿಗೆ ಬೆಸೆಯಿರಿ.

ಸಿಗದಿದ್ದರೆ ಹಳೇ ಬಲ್ಬಿನ ತಳವನ್ನೇ ಪ್ಲಗ್ ಮಾಡಿಕೊಳ್ಳಬಹುದು. ಕೆಟ್ಟ ಬಲ್ಬನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಕನ್ನಡಕ ಹಾಕಿಕೊಂಡು ಗಾಜು ಒಡೆಯಿರಿ. ಉಳಿದ ಹಿತ್ತಾಳೆ ತಳವನ್ನು ಚೊಕ್ಕ ಮಾಡಿ. ತಳದ ಗುಂಡಿಗೆ ಪ್ಲಸ್ ವೈರ್, ಪಕ್ಕದ ಗೋಡೆಗೆ ಅರ್ಥ್ ವೈರ್ ಬೆಸೆಯಿರಿ. ಬ್ರೇಕ್ ಮತ್ತು ಪಾರ್ಕಿಂಗ್ ಎರಡೂ ಒಂದೇ ಬಲ್ಬಿನಲ್ಲಿದ್ದರೆ ಅದು 21/5 ವ್ಯಾಟ್ ಬಲ್ಬ್. ತಳದಲ್ಲಿ ಎರಡು ಗುಂಡಿ ಇರುತ್ತವೆ, ಪಕ್ಕದ ಪಿನ್‌ಗಳು ಮೇಲೆ ಕೆಳಗೆ ಇರುವುದರಿಂದ ತಪ್ಪಾಗಿ ಕೂರುವುದಿಲ್ಲ. ಈ ತಳ ಕಾರಿನ ಹೋಲ್ಡರ್‌ನಲ್ಲಿ ಎಂದಿನ ಹಾಗೆ ಕೂರುತ್ತದೆ. ನಾಳೆ ಬೇಡ ಅನಿಸಿದರೆ ತೆಗೆದು ಬಲ್ಬ್ ಹಾಕಿದರೆ ಕಾರು ಮೊದಲಿನ ಹಾಗೇ. ನನಗೆ ಇದು ಬಹಳ ಇಷ್ಟವಾದ ವಿಧಾನ.

ವೈರಿನ ಮೇಲೆ ಕಚ್ಚಿಸುವ ನೀಲಿ, ಕೆಂಪು ಪ್ಲಾಸ್ಟಿಕ್ ಕ್ಲಿಪ್‌ಗಳನ್ನು ಹಿಂಬದಿ ಲೈಟಿಗೆ ಬಳಸಬೇಡಿ. ಅವು ವೈರಿನ ಹೊದಿಕೆ ಸೀಳುತ್ತವೆ, ಸೀಳಿನಲ್ಲಿ ತೇವ ಸೇರಿ ತಾಮ್ರ ಹಸಿರಾಗುತ್ತದೆ. ಬೆಸುಗೆ ಹಾಕುವ ಮೊದಲು ವೈರನ್ನು ಹೀಟ್ ಶ್ರಿಂಕ್ ಟ್ಯೂಬಿನೊಳಗೆ ತೂರಿಸಿಡಲು ಮರೆಯಬೇಡಿ. ಬೆಸುಗೆ ಮಾಡುವಾಗಲೂ ಬ್ಯಾಟರಿಯ ಮೈನಸ್ ಬಿಚ್ಚಿರಲಿ.

6. ಪಟಪಟ ನಿಲ್ಲಿಸುವುದು

21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ 12 ವೋಲ್ಟ್‌ನಲ್ಲಿ 1.75 ಆಂಪಿಯರ್ ಎಳೆಯುತ್ತದೆ. ಎಲ್‌ಇಡಿ ಅದರ ಒಂದು ಚಿಕ್ಕ ಪಾಲನ್ನು ಮಾತ್ರ ಎಳೆಯುತ್ತದೆ. ಕರೆಂಟ್ ಕಡಿಮೆಯಾದದ್ದು ಕಂಡ ಕೂಡಲೇ ಬಲ್ಬ್ ಹೋಗಿದೆ ಅಂತ ಡ್ರೈವರ್‌ಗೆ ತಿಳಿಸಲು ಕಾರು ಎರಡರಷ್ಟು ವೇಗವಾಗಿ ಮಿನುಗಿಸುತ್ತದೆ. ಇದನ್ನೇ ಹೈಪರ್ ಫ್ಲ್ಯಾಶ್ ಅನ್ನುತ್ತಾರೆ. ಮೇಲಿನ ಲೆಕ್ಕ ನೆನಪಿದೆ ಅಲ್ವಾ? ನಿಮಿಷಕ್ಕೆ 180 ಸಲ ಮಿನುಗಿದರೆ ಓಡಲು ಸಿಗುವುದು ಬರೀ 0.17 ಸೆಕೆಂಡ್. 0.2 ಸೆಕೆಂಡಿನಲ್ಲಿ ಕೊನೆ ಮುಟ್ಟುವ ಒಳ್ಳೆಯ ಲೈಟ್ ಕೂಡ ಅರ್ಧಕ್ಕೇ ಆರುತ್ತದೆ. ಮೊದಲು ಹೇಳಿದ ಎರಡು ದೂರಿಗೂ ಮೂಲ ಇಲ್ಲೇ ಇದೆ.

ಹಳೇ ಕಾರಿನಲ್ಲಿ ಟಿಕ್ ಟಿಕ್ ಅನ್ನುವ ಫ್ಲ್ಯಾಶರ್ ರಿಲೇ (ಇಂಡಿಕೇಟರನ್ನು ಮಿನುಗಿಸುವ ಪುಟ್ಟ ಡಬ್ಬಿ) ಬೇರೆಯಾಗಿ ಸಿಕ್ಕಿಸಿದ್ದರೆ, ಅದೇ ಪಿನ್ ಜೋಡಣೆಯ ಎಲ್‌ಇಡಿ ಫ್ಲ್ಯಾಶರ್ ತಂದು ಹಾಕಿ. ಇದೇ ಚೊಕ್ಕ ಪರಿಹಾರ, ಬಿಸಿಯಾಗುವ ಭಾಗವೇ ಇಲ್ಲ. ಆದರೆ ಹೊಸ ಕಾರುಗಳಲ್ಲಿ ಮಿನುಗಿಸುವುದು ಬಿಸಿಎಂ. ಅಲ್ಲಿ ಬದಲಿಸಲು ರಿಲೇಯೇ ಇರುವುದಿಲ್ಲ. ಆಗ ಲೋಡ್ ರೆಸಿಸ್ಟರ್ ಬೇಕು. ಅದು ಬಲ್ಬ್ ಎಳೆಯುತ್ತಿದ್ದಷ್ಟು ಕರೆಂಟನ್ನು ತಾನು ಎಳೆದು ಶಾಖವಾಗಿ ಬಿಡುತ್ತದೆ.

ರೆಸಿಸ್ಟರ್‌ನ ಒಂದು ವೈರ್ ಇಂಡಿಕೇಟರ್ ಪ್ಲಸ್‌ಗೆ, ಇನ್ನೊಂದು ಅರ್ಥ್‌ಗೆ. ಅಂದರೆ ಲೈಟಿನ ಪಕ್ಕಕ್ಕೆ ಸಮಾನಾಂತರವಾಗಿ. ಲೈಟಿಗೆ ಹೋಗುವ ವೈರಿನ ಮಧ್ಯದಲ್ಲಿ ಕೂರಿಸಿದರೆ ಏನೂ ಪ್ರಯೋಜನವಿಲ್ಲ. ಎಡಕ್ಕೊಂದು, ಬಲಕ್ಕೊಂದು.

ಈಗ ಹೇಳುವುದನ್ನು ಗಮನವಿಟ್ಟು ಓದಿ. ಇಂಜಿನ್ ಓಡುವಾಗ 14 ವೋಲ್ಟ್ ಇರುತ್ತದೆ. 6 ಓಮ್ ರೆಸಿಸ್ಟರ್ ಆಗ 2.3 ಆಂಪಿಯರ್ ಎಳೆಯುತ್ತದೆ, ಹತ್ತಿರ ಹತ್ತಿರ 33 ವ್ಯಾಟ್ ಶಾಖ. ಮಿನುಗುವಾಗ ಅರ್ಧ ಹೊತ್ತು ಮಾತ್ರ ಅನ್ನುವುದು ನಿಜ. ಆದರೂ ಘಾಟಿಯಲ್ಲಿ ಹಜಾರ್ಡ್ ಹಾಕಿ ಅರ್ಧ ಗಂಟೆ ನಿಂತರೆ ಕೈ ಸುಡುವಷ್ಟು ಕಾಯುತ್ತದೆ. ಅದರ ಮೇಲೆ ಬರೆದಿರುವ 50 ವ್ಯಾಟ್ ಲೋಹಕ್ಕೆ ಬಿಗಿದಾಗ ಮಾತ್ರ ನಿಜ. ಹಾಗಾಗಿ ಬಾಡಿಯ ಲೋಹದ ತಗಡಿಗೆ ಬೋಲ್ಟ್ ಹಾಕಿಯೇ ಬಿಗಿಯಿರಿ. ಇದಕ್ಕೆ ಹೊಸ ರಂಧ್ರ ಕೊರೆಯಬೇಡಿ, ಇರುವ ಬೋಲ್ಟ್ ಬಳಸಿ. ಪ್ಲಾಸ್ಟಿಕ್, ಕಾರ್ಪೆಟ್, ವೈರಿನ ಕಟ್ಟು, ಲೈಟಿನ ಬೆನ್ನು ಇವುಗಳಿಂದ ದೂರ ಇರಲಿ. ಟೇಪ್ ಸುತ್ತಬೇಡಿ, ಜಿಪ್ ಟೈಯಲ್ಲಿ ನೇತುಹಾಕಬೇಡಿ. ಬೇರೆ ಕಡೆ ಫಿಟ್ ಮಾಡಿಸಿದ ಒಂದು ಕಾರಿನ ಡಿಕ್ಕಿಯಲ್ಲಿ ರೆಸಿಸ್ಟರ್ ತಾಗಿ ಕಾರ್ಪೆಟ್ ಕಂದಿದ್ದನ್ನು ನಾನೇ ನೋಡಿದ್ದೇನೆ.

ಬ್ರೇಕ್ ವೈರಿಗೆ ಇಂಥ ರೆಸಿಸ್ಟರ್ ಹಾಕಬೇಡಿ. ಟ್ರಾಫಿಕ್‌ನಲ್ಲಿ ಬ್ರೇಕ್ ನಿಮಿಷಗಟ್ಟಲೆ ಹಿಡಿದಿರುತ್ತೇವೆ, ಅಲ್ಲಿ ಅರ್ಧ ಹೊತ್ತಿನ ಬಿಡುವೂ ಇಲ್ಲ.

7. ಕೂರಿಸುವುದು, ನೀರು ತಡೆಯುವುದು

ಹಳೇ ಲೈಟಿನ ಹಿಂದೆ ಫೋಮ್ ಅಥವಾ ರಬ್ಬರ್ ಪಟ್ಟಿ ಇರುತ್ತದೆ, ಅದೇ ನೀರು ತಡೆಯುವುದು. ಹೊಸದಕ್ಕೆ ಬರದಿದ್ದರೆ ನೀರು ಹೀರದ (ಕ್ಲೋಸ್ಡ್ ಸೆಲ್) ಫೋಮ್ ಪಟ್ಟಿ ತಂದು ಸುತ್ತಲೂ ಸಂದಿಲ್ಲದೆ ಅಂಟಿಸಿ. ಲೈಟಿನ ಬೆನ್ನಿನಲ್ಲಿ ಗಾಳಿಯಾಡಲು ಪುಟ್ಟ ರಂಧ್ರ ಇದ್ದರೆ ಸಿಲಿಕೋನ್ ಬಳಿದು ಮುಚ್ಚಬೇಡಿ. ಮುಚ್ಚಿದರೆ ಒಳಗಿನ ಮಂಜು ಹೊರಗೆ ಹೋಗುವುದಿಲ್ಲ. ವೈರ್ ಬಾಡಿ ದಾಟುವ ಕಡೆ ರಬ್ಬರ್ ಬುಶ್ ಇರಲೇಬೇಕು.

ಗೂಟಗಳನ್ನು ರಂಧ್ರಕ್ಕೆ ಎದುರಾಗಿ ಹಿಡಿದು ಅಂಗೈಯಿಂದ ಒತ್ತಿ. ಸ್ಕ್ರೂ ಬಿಗಿಯುವಾಗ ಅತಿ ಬೇಡ, ಪ್ಲಾಸ್ಟಿಕ್ ಸೀಳುತ್ತದೆ. ಡಿಕ್ಕಿ ಬಾಗಿಲು ಮೆಲ್ಲಗೆ ಮುಚ್ಚಿ, ಲೈಟಿಗೆ ತಾಗುತ್ತದಾ ನೋಡಿ.

8. ರಸ್ತೆಗೆ ಇಳಿಯುವ ಮೊದಲು

ಇಂಜಿನ್ ಸ್ಟಾರ್ಟ್ ಮಾಡಿ ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್ ಮೂರನ್ನೂ ಒಟ್ಟಿಗೆ ಹಾಕಿ. ಒಂದು ಹತ್ತಿದರೆ ಇನ್ನೊಂದು ಮಂಕಾಗಬಾರದು. ಹಜಾರ್ಡ್ ಹಾಕಿ ಎಡ ಬಲ, ಮುಂದೆ ಹಿಂದೆ ಒಂದೇ ತಾಳದಲ್ಲಿವೆಯಾ ನೋಡಿ. 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ: 60ರಿಂದ 120ರೊಳಗೆ ಬರಬೇಕು. ಫ್ಯೂಸ್ ಸುಟ್ಟರೆ ಅದೇ ಅಳತೆಯದು ಹಾಕಿ, ದೊಡ್ಡದು ಹಾಕಬೇಡಿ. ಮತ್ತೆ ಸುಟ್ಟರೆ ಎಲ್ಲೋ ವೈರ್ ಬಾಡಿಗೆ ತಾಗುತ್ತಿದೆ.

ಆಮೇಲೆ ಮಟಮಟ ಮಧ್ಯಾಹ್ನ ಕಾರಿನ ಹಿಂದೆ 30 ಮೀಟರ್ ದೂರ ನಿಲ್ಲಿ. ಬಿಸಿಲಿನಲ್ಲಿ ಇಂಡಿಕೇಟರ್ ಯಾವ ಕಡೆಯದು ಅಂತ ಒಂದೇ ನೋಟಕ್ಕೆ ತಿಳಿಯಬೇಕು. ಬ್ರೇಕ್ ಒತ್ತಿದಾಗ ಪಾರ್ಕಿಂಗಿಗಿಂತ ಸ್ಪಷ್ಟವಾಗಿ ಜೋರು ಕಾಣಬೇಕು. ಅಗ್ಗದ ಲೈಟುಗಳು ರಾತ್ರಿ ಝಗಮಗಿಸಿದರೂ ಸೋಲುವುದು ಇಲ್ಲೇ. ಸೋತರೆ ಹಳೇ ಲೈಟ್ ವಾಪಸ್ ಹಾಕಿ, ದುಡ್ಡು ಹೋಯಿತು ಅಂತ ಬೇಸರ ಬೇಡ. ಒಳ್ಳೆಯ ಎಲ್‌ಇಡಿ ಆದರೆ ಬಲ್ಬಿಗಿಂತ ಸುಮಾರು 0.2 ಸೆಕೆಂಡ್ ಮೊದಲೇ ಹತ್ತುತ್ತದೆ. 80 ಕಿಲೋಮೀಟರ್ ವೇಗದಲ್ಲಿ ಹಿಂದೆ ಬರುತ್ತಿರುವವರಿಗೆ ಅದು ನಾಲ್ಕೂವರೆ ಮೀಟರಿನಷ್ಟು ಹೆಚ್ಚು ಜಾಗ.

ಕೊನೆಗೆ ಪೈಪಿನಿಂದ ಐದು ನಿಮಿಷ ನೀರು ಬಿಡಿ, ಪ್ರೆಶರ್ ವಾಶರ್ ಬೇಡ. ಡಿಕ್ಕಿಯ ಮೂಲೆಗೆ ಒಣ ಟಿಶ್ಯೂ ಕಾಗದ ಒತ್ತಿ ನೋಡಿ, ಸಣ್ಣ ಸೋರಿಕೆಯೂ ಅದರಲ್ಲಿ ತಿಳಿಯುತ್ತದೆ. ಒಂದು ವಾರ ಓಡಿಸಿದ ಮೇಲೆ ರೆಸಿಸ್ಟರ್ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಯಿರಿ. ಹಳೇ ಲೈಟ್‌ಗಳನ್ನು ಬಲ್ಬ್ ಸಮೇತ ಬಟ್ಟೆಯಲ್ಲಿ ಸುತ್ತಿ, ಎಡ ಬಲ ಅಂತ ಬರೆದು ಅಟ್ಟದ ಮೇಲಿಡಿ.